ಮೇಲ್ದವಡೆಗೆ ಇಂಪ್ಲಾಂಟ್: ದರ ಕೇಳುವ ಮೊದಲು ಸ್ಕ್ಯಾನ್ ಓದಿಸಿಕೊಳ್ಳಿ

“ನಮ್ಮ ಭಾವನಿಗೆ ಕೆಳಗಿನ ಹಲ್ಲಿಗೆ ಇಂಪ್ಲಾಂಟ್ ಹಾಕಿ ಮೂರು ತಿಂಗಳಲ್ಲಿ ಕ್ಯಾಪ್ ಕೂರಿಸಿದರು. ನನ್ನದು ಮೇಲಿನ ಹಲ್ಲು. ಎಂಟು ತಿಂಗಳು ಬೇಕು, ಮೂಳೆ ಪುಡಿ ತುಂಬಬೇಕು, ಸ್ಕ್ಯಾನ್ ಬೇರೆ ಮಾಡಿಸಿ ಎನ್ನುತ್ತಾರೆ. ಇದು ನಿಜವೋ, ಬಿಲ್ ಬೆಳೆಸುವ ಉಪಾಯವೋ?” ತುಮಕೂರು ಪೇಟೆಯವರೂ, ಶಿರಾ, ಕೊರಟಗೆರೆ ಕಡೆಯವರೂ, ಚಿಂತಾಮಣಿ, ಮಾಲೂರಿನವರೂ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಇದೇ.

ಬಹುತೇಕ ಸಲ ನಿಜ. ಮೇಲ್ದವಡೆಯ ಮೂಳೆ ಕೆಳದವಡೆಯದಕ್ಕಿಂತ ಮೃದು. ಅದರ ಮೇಲೆ ಮೂಗು ಮತ್ತು ಸೈನಸ್ (ಕೆನ್ನೆಯ ಹಿಂದಿನ ಗಾಳಿ ತುಂಬಿದ ಪೊಳ್ಳು) ಇವೆ. ಒಳಗೆ ನರ, ರಕ್ತನಾಳಗಳ ಸಣ್ಣ ಕಾಲುವೆಗಳಿವೆ. ಇವೆಲ್ಲ ಎಲ್ಲಿವೆ, ಎಷ್ಟು ದೊಡ್ಡವು ಎಂಬುದು ಒಬ್ಬರಿಂದ ಒಬ್ಬರಿಗೆ ಬೇರೆ. ಒಬ್ಬರದೇ ಬಾಯಿಯ ಎಡಕ್ಕೂ ಬಲಕ್ಕೂ ಬೇರೆ. ಭಾವನ ಕೆಳದವಡೆಯ ಲೆಕ್ಕ ನಿಮ್ಮ ಮೇಲ್ದವಡೆಗೆ ಬರುವುದಿಲ್ಲ. ಫೋನಿನಲ್ಲಿ “ಒಂದು ಇಂಪ್ಲಾಂಟಿಗೆ ಎಷ್ಟು?” ಎಂದು ಕೇಳಿದರೆ ಸಿಗುವ ಸಂಖ್ಯೆಗೆ ಬೆಲೆ ಇಲ್ಲದಿರುವುದೂ ಇದಕ್ಕೇ.

ಇಂಪ್ಲಾಂಟ್ ಎಂದರೆ ಹಲ್ಲಲ್ಲ, ಹಲ್ಲಿನ ಬೇರಿನ ಜಾಗದಲ್ಲಿ ಮೂಳೆಯೊಳಗೆ ತಿರುಗಿಸಿ ಕೂರಿಸುವ ಟೈಟಾನಿಯಂ ಸ್ಕ್ರೂ. ಮೂಳೆ ಅದನ್ನು ಗಟ್ಟಿಯಾಗಿ ಹಿಡಿದುಕೊಂಡ ಮೇಲೆ ಅಬಟ್‌ಮೆಂಟ್ ಎಂಬ ಜೋಡಣೆಯ ತುಂಡನ್ನೂ ಅದರ ಮೇಲೆ ಕ್ಯಾಪನ್ನೂ ಕೂರಿಸುತ್ತಾರೆ. ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಹಾಕಿದ ಇಂಪ್ಲಾಂಟಿನಿಂದ ಇಂದಿನವರೆಗೆ ಮೂಲ ತತ್ತ್ವ ಬದಲಾಗಿಲ್ಲ: ಮೂಳೆ ಇದ್ದರೆ ಸ್ಕ್ರೂ ನಿಲ್ಲುತ್ತದೆ.

ಹಂತ 1: ಸ್ಕ್ಯಾನಿಗೂ ಮೊದಲು ಹೇಳಬೇಕಾದದ್ದು

ವೈದ್ಯರ ಬಳಿ ಹೋಗುವಾಗ ಹಳೆಯ ಎಕ್ಸ್‌ರೇಗಳು, ಈಗ ತೆಗೆದುಕೊಳ್ಳುವ ಮಾತ್ರೆಗಳ ಚೀಟಿ, ಮಧುಮೇಹ ಇದ್ದರೆ ಎಚ್‌ಬಿಎ1ಸಿ ವರದಿ (ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ) ಜೊತೆಗಿರಲಿ. ಹಲ್ಲು ಕೀಳಿಸಿ ಎಷ್ಟು ಕಾಲವಾಯಿತು ಎಂಬುದನ್ನೂ ನೆನಪು ಮಾಡಿಕೊಂಡು ಹೋಗಿ. ಹಲ್ಲು ಹೋದ ಜಾಗದ ಮೂಳೆ ಮೊದಲ ವರ್ಷದಲ್ಲೇ ಅಗಲದಲ್ಲಿ ಅರ್ಧದಷ್ಟು ಕರಗಬಹುದು; ಅದರಲ್ಲೂ ಹೆಚ್ಚಿನದು ಮೊದಲ ಮೂರು ತಿಂಗಳಲ್ಲಿ.

ಜನ ಹೇಳದೆ ಬಿಡುವ ಮೂರು ಸಂಗತಿಗಳಿವೆ.

ಮೊದಲನೆಯದು ಮೂಳೆ ಸವೆತಕ್ಕೆ ಕೊಡುವ ಔಷಧ. ವಾರಕ್ಕೊಮ್ಮೆ ನುಂಗುವ ಅಲೆಂಡ್ರೋನೇಟ್ ಮಾತ್ರೆ, ವರ್ಷಕ್ಕೊಮ್ಮೆ ಕೊಡುವ ಝೋಲೆಡ್ರೋನಿಕ್ ಆಸಿಡ್ ಚುಚ್ಚುಮದ್ದು ಇಂಥವು. “ಅದು ಸೊಂಟದ ನೋವಿಗೆ, ಹಲ್ಲಿಗೇನು ಸಂಬಂಧ” ಎಂದುಕೊಂಡು ಹಿರಿಯ ಹೆಂಗಸರು ಸುಮ್ಮನಿರುತ್ತಾರೆ. ಸಂಬಂಧ ಇದೆ: ಈ ಔಷಧ ತೆಗೆದುಕೊಂಡವರಲ್ಲಿ ಕೆಲವರಿಗೆ ದವಡೆಯ ಮೇಲೆ ಶಸ್ತ್ರಚಿಕಿತ್ಸೆ ಆದ ಮೇಲೆ ಮೂಳೆ ಮಾಯದೆ ಉಳಿಯುತ್ತದೆ. ಕ್ಯಾನ್ಸರ್ ಚಿಕಿತ್ಸೆಗೆಂದು ದೊಡ್ಡ ಪ್ರಮಾಣದಲ್ಲಿ ಪಡೆದವರಿಗೆ ಅಪಾಯ ಇನ್ನೂ ಹೆಚ್ಚು. ರಕ್ತ ತೆಳುವಾಗಿಸುವ ಮಾತ್ರೆಯ ವಿಷಯವನ್ನೂ ಹೇಳಿ. ಆದರೆ ಅದನ್ನು ನೀವಾಗಿಯೇ ನಿಲ್ಲಿಸಬೇಡಿ. ನಿಲ್ಲಿಸಬೇಕೋ ಬೇಡವೋ ಎಂಬುದನ್ನು ಹೃದಯದ ವೈದ್ಯರು ಹೇಳಬೇಕು.

ಎರಡನೆಯದು ಮೂಗು. ಪದೇ ಪದೇ ನೆಗಡಿ, ಒಂದೇ ಕಡೆ ಮೂಗು ಕಟ್ಟುವುದು, ಕೆನ್ನೆಯ ಭಾರ, ಹಿಂದೆ ಆದ ಸೈನಸ್ ಆಪರೇಷನ್, ಇವೆಲ್ಲ ಮೇಲಿನ ದವಡೆ ಹಲ್ಲಿನ ಯೋಜನೆಗೆ ಬೇಕೇ ಬೇಕು.

ಮೂರನೆಯದು ಅಡಿಕೆ. ಗುಬ್ಬಿ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಅಡಿಕೆ ಬೆಳೆ ಮಾತ್ರವಲ್ಲ, ಬಾಯಿಯ ಅಭ್ಯಾಸವೂ ಹೌದು. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದವರಲ್ಲಿ ಕೆನ್ನೆಯ ಒಳಭಾಗ ಬಿಗಿದು ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ವೈದ್ಯರು ಬರೆಯುವುದು ಇದನ್ನೇ. ಹಿಂದಿನ ದವಡೆ ಹಲ್ಲಿನ ಜಾಗಕ್ಕೆ ಡ್ರಿಲ್ ನೇರವಾಗಿ ಹೋಗಬೇಕಾದರೆ ಬಾಯಿ ಸಾಕಷ್ಟು ತೆರೆಯಲೇಬೇಕು. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಿ ನೋಡಿ. ತೂರದಿದ್ದರೆ ಸ್ಕ್ಯಾನಿಗೆ ದುಡ್ಡು ಸುರಿಯುವ ಮೊದಲು ಅದನ್ನು ತೋರಿಸಿ. ಅಡಿಕೆಯಿಂದ ಬಿಗಿದ ಬಾಯಿಯಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆ ಇರುವುದರಿಂದ ಆ ತಪಾಸಣೆ ಇಂಪ್ಲಾಂಟಿಗಿಂತ ಮುಖ್ಯ. ಬೀಡಿ, ಸಿಗರೇಟು ಸೇದುವವರಲ್ಲಿ ಇಂಪ್ಲಾಂಟ್ ಸೋಲುವುದು ಹೆಚ್ಚು. ಮೂಳೆ ತುಂಬಿಸಿದ ಜಾಗದಲ್ಲಂತೂ ಇನ್ನೂ ಹೆಚ್ಚು.

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದವರು ಕೇಳುವ ಇನ್ನೊಂದು ಪ್ರಶ್ನೆ: “ಫ್ಲೋರೈಡ್ ನೀರಿನಿಂದ ನಮ್ಮ ಹಲ್ಲು ಕಂದು, ಇಂಪ್ಲಾಂಟ್ ನಿಲ್ಲುತ್ತದೆಯೇ?” ಆ ಕಲೆ ಬಾಲ್ಯದಲ್ಲಿ ಹಲ್ಲಿನ ಎನಾಮಲ್ ರೂಪುಗೊಳ್ಳುವಾಗ ಬಿದ್ದದ್ದು. ಕಲೆ ನೋಡಿ ದವಡೆಯ ಮೂಳೆಯ ಬಗ್ಗೆ ತೀರ್ಪು ಕೊಡಲಾಗದು. ಬೆನ್ನು, ಕೀಲುಗಳ ಬಿಗಿತವೂ ಇದ್ದರೆ ಅದನ್ನು ಬೇರೆಯಾಗಿ ಹೇಳಿ.

ಹಂತ 2: ಸರಿಯಾದ ಚಿತ್ರ ತೆಗೆಸುವುದು

ಓಪಿಜಿ ಎಂದರೆ ಎರಡೂ ದವಡೆಗಳನ್ನು ಒಂದೇ ಉದ್ದನೆಯ ಪಟ್ಟಿಯಲ್ಲಿ ತೋರಿಸುವ ಎಕ್ಸ್‌ರೇ. ಮೊದಲ ನೋಟಕ್ಕೆ ಅದು ಒಳ್ಳೆಯದು, ಅಗ್ಗ. ಆದರೆ ಅದರಲ್ಲಿ ಎತ್ತರ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ (ಶೇಕಡ 20-30ರಷ್ಟು ಹಿಗ್ಗುವುದು ಸಾಮಾನ್ಯ), ಮೂಳೆಯ ದಪ್ಪವಂತೂ ಕಾಣುವುದೇ ಇಲ್ಲ. ಓಪಿಜಿಯಲ್ಲಿ ಎತ್ತರದ ಮೂಳೆ ಎಂದು ಕಂಡದ್ದು ನಿಜದಲ್ಲಿ ಚಾಕುವಿನ ಅಲಗಿನಷ್ಟೇ ದಪ್ಪ ಇರಬಹುದು.

ದಪ್ಪ ತಿಳಿಯಲು ಬೇಕಾದದ್ದು ಸಿಬಿಸಿಟಿ, ಅಂದರೆ ಕೋನ್ ಬೀಮ್ ಸ್ಕ್ಯಾನ್. ಯಂತ್ರ ತಲೆಯ ಸುತ್ತ ಒಮ್ಮೆ ಸುತ್ತಿ ದವಡೆಯನ್ನು ಮೂರು ಆಯಾಮಗಳಲ್ಲಿ ಹಿಡಿಯುತ್ತದೆ. ಆಮೇಲೆ ಅದನ್ನು ಬೇಕಾದ ಕಡೆ ಸೀಳಿ ನೋಡಬಹುದು. ಇದರ ವಿಕಿರಣ ಓಪಿಜಿಗಿಂತ ಹೆಚ್ಚು, ಆಸ್ಪತ್ರೆಯ ಸಾಮಾನ್ಯ ಸಿಟಿ ಸ್ಕ್ಯಾನಿಗಿಂತ ಸಾಧಾರಣವಾಗಿ ಕಡಿಮೆ. ಗರ್ಭಿಣಿಯಾಗಿದ್ದರೆ ಅಥವಾ ಸಂಶಯವಿದ್ದರೆ ಮೊದಲೇ ಹೇಳಿ.

ಸ್ಕ್ಯಾನ್ ಕೇಂದ್ರಕ್ಕೆ ಹೋಗುವ ಚೀಟಿಯಲ್ಲಿ ಬರೀ “ಸಿಬಿಸಿಟಿ” ಎಂದಿದ್ದರೆ ಅಲ್ಲೇ ನಿಲ್ಲಿಸಿ, ಯಾವ ಹಲ್ಲಿನ ಜಾಗ, ಎಷ್ಟು ವ್ಯಾಪ್ತಿ ಎಂದು ಬರೆಸಿಕೊಳ್ಳಿ. ಮೇಲಿನ ಹಿಂದಿನ ಹಲ್ಲಾದರೆ ಸೈನಸ್ಸಿನ ಮೇಲ್ಭಾಗವೂ, ಅದು ಮೂಗಿಗೆ ತೆರೆದುಕೊಳ್ಳುವ ದ್ವಾರವೂ ಚಿತ್ರದಲ್ಲಿ ಬರುವಂತೆ ಕೇಳುವುದು ಒಳ್ಳೆಯದು. ಅರ್ಧ ಸೈನಸ್ ಕತ್ತರಿಸಿಹೋದ ಸ್ಕ್ಯಾನ್ ತಂದು, ಇನ್ನೊಮ್ಮೆ ಬೆಂಗಳೂರಿಗೆ ಹೋಗಿ ತೆಗೆಸಿಕೊಂಡು ಬನ್ನಿ ಎಂದು ಹೇಳಿಸಿಕೊಂಡವರು ಕಡಿಮೆಯೇನಲ್ಲ.

ಫಿಲ್ಮ್ ಅಥವಾ ಮುದ್ರಿತ ಹಾಳೆ ಮಾತ್ರ ತರಬೇಡಿ. ಮೂಲ ಕಡತವನ್ನು, ಡೈಕಾಮ್ ಎನ್ನುತ್ತಾರೆ, ಸಿಡಿಯಲ್ಲೋ ಪೆನ್ ಡ್ರೈವಿನಲ್ಲೋ ಪಡೆದುಕೊಳ್ಳಿ. ದುಡ್ಡು ಕೊಟ್ಟವರು ನೀವು, ಕಡತ ನಿಮ್ಮ ಬಳಿ ಇರಲಿ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಬೇಕಾದಾಗ ಎರಡನೇ ಸಲ ವಿಕಿರಣಕ್ಕೆ ಒಡ್ಡಿಕೊಳ್ಳುವುದು ಇದರಿಂದ ತಪ್ಪುತ್ತದೆ.

ಹಂತ 3: ವರದಿಯ ಅಂಕಿಗಳನ್ನು ಗುರುತಿಸುವುದು

ಹಲ್ಲುಗಳನ್ನು ಎರಡು ಅಂಕಿಗಳಲ್ಲಿ ಬರೆಯುತ್ತಾರೆ. ಮೇಲಿನ ಬಲಗಡೆ 11ರಿಂದ 18, ಮೇಲಿನ ಎಡಗಡೆ 21ರಿಂದ 28. ನಡುವಿನ ಮುಂಭಾಗದ ಹಲ್ಲು 1, ಕೋರೆಹಲ್ಲು 3, ಮೊದಲ ದೊಡ್ಡ ದವಡೆ ಹಲ್ಲು 6. ಹಾಗಾಗಿ 16 ಎಂದರೆ ಮೇಲಿನ ಬಲಗಡೆಯ ಮೊದಲ ದವಡೆ ಹಲ್ಲು. ಪರದೆಯ ಮೇಲೆ ನಿಮ್ಮ ಬಲಗಡೆ ನೋಡುವವರ ಎಡಕ್ಕೆ ಬರುತ್ತದೆ, ಗಾಬರಿಯಾಗಬೇಡಿ.

ಕೆಲವು ವರದಿಗಳಲ್ಲಿ ಡಿ1, ಡಿ2, ಡಿ3, ಡಿ4 ಎಂದಿರುತ್ತದೆ. ಇದು ಮೂಳೆಯ ಗಡಸುತನದ ದರ್ಜೆ. ಡಿ1 ತೀರಾ ಗಟ್ಟಿ, ಡಿ4 ತೀರಾ ಮೃದು. ಮೇಲ್ದವಡೆಯ ಹಿಂಭಾಗದಲ್ಲಿ ಡಿ3, ಡಿ4 ಬರುವುದು ಸಹಜ; ಅದನ್ನು ಕಾಯಿಲೆ ಎಂದು ತಿಳಿಯಬೇಡಿ. ಅಲ್ಲದೆ, ಸಿಬಿಸಿಟಿಯ ಬೂದುಬಣ್ಣ ಯಂತ್ರದಿಂದ ಯಂತ್ರಕ್ಕೆ ಬದಲಾಗುವುದರಿಂದ ಈ ದರ್ಜೆ ಅಂದಾಜೇ ಹೊರತು ಅಳತೆಯಲ್ಲ. ಮೂಳೆಯ ನಿಜವಾದ ಗುಣ ಡ್ರಿಲ್ ಹಿಡಿದ ಕೈಗೆ ಗೊತ್ತಾಗುತ್ತದೆ.

ಹಂತ 4: ಹಿಂದಿನ ಹಲ್ಲಾದರೆ ಸೈನಸ್ ನೋಡಿಸಿಕೊಳ್ಳಿ

ಇಲ್ಲಿ ಆತುರ ಬೇಡ. ಮೇಲ್ದವಡೆಯ ಇಂಪ್ಲಾಂಟಿನ ತೊಡಕುಗಳಲ್ಲಿ ಹೆಚ್ಚಿನವು ಈ ಜಾಗದವೇ.

ಕೆನ್ನೆಯ ಹಿಂದೆ, ದವಡೆ ಹಲ್ಲುಗಳ ಬೇರುಗಳ ಮೇಲೆ ಇರುವ ಗಾಳಿ ತುಂಬಿದ ಪೊಳ್ಳೇ ಮೇಲ್ದವಡೆಯ ಸೈನಸ್. ಕೆಲವರದು ಚಿಕ್ಕದು, ಕೆಲವರದು ಮುಂದೆ ಕೋರೆಹಲ್ಲಿನವರೆಗೂ ಚಾಚಿರುತ್ತದೆ. ದವಡೆ ಹಲ್ಲು ಕಿತ್ತ ಮೇಲೆ ಎರಡೂ ಕಡೆಯಿಂದ ನಷ್ಟ: ಕೆಳಗಿನಿಂದ ವಸಡಿನ ಅಂಚಿನ ಮೂಳೆ ಕರಗುತ್ತದೆ, ಮೇಲಿನಿಂದ ಸೈನಸ್ಸಿನ ತಳ ಕೆಳಕ್ಕೆ ಇಳಿಯುತ್ತದೆ. ಹತ್ತು ವರ್ಷ ಖಾಲಿ ಬಿಟ್ಟ ಜಾಗದಲ್ಲಿ ಮೂರು ನಾಲ್ಕು ಮಿಲಿಮೀಟರ್ ಮೂಳೆ ಮಾತ್ರ ಉಳಿದಿರುವುದು ಅಪರೂಪವಲ್ಲ. ಸಾಮಾನ್ಯ ಇಂಪ್ಲಾಂಟಿನ ಉದ್ದ ಎಂಟರಿಂದ ಹನ್ನೆರಡು ಮಿಲಿಮೀಟರ್.

ವೈದ್ಯರನ್ನು ಪರದೆಯ ಮುಂದೆ ಕೂರಿಸಿ ಈ ಐದನ್ನು ಕೇಳಿ.

ಉಳಿದ ಮೂಳೆಯ ಎತ್ತರ ಎಷ್ಟು? “ಕಡಿಮೆ ಇದೆ” ಎಂಬುದು ಉತ್ತರವಲ್ಲ. ಮಿಲಿಮೀಟರಿನಲ್ಲಿ ಬೇಕು, ಜೊತೆಗೆ ದಪ್ಪವೂ.

ಸೈನಸ್ಸಿನೊಳಗೆ ಅಡ್ಡಗೋಡೆ ಇದೆಯೇ? ಸೆಪ್ಟಮ್ ಎನ್ನುವ ಈ ತೆಳು ಮೂಳೆಯ ಗೋಡೆಯನ್ನು 1910ರಲ್ಲಿ ಆರ್ಥರ್ ಅಂಡರ್‌ವುಡ್ ವಿವರಿಸಿದರು; ಅವರ ಹೆಸರಿನಿಂದಲೇ ಕರೆಯುವುದೂ ಉಂಟು. ಮೂರು ನಾಲ್ಕು ಸೈನಸ್‌ಗಳಲ್ಲಿ ಒಂದರಲ್ಲಿ ಇದು ಸಿಗುತ್ತದೆ. ಓಪಿಜಿಯಲ್ಲಿ ಕಾಣದೆ ಹೋಗಬಹುದು, ಇಲ್ಲದಿದ್ದರೂ ಇದ್ದಂತೆ ಕಾಣಬಹುದು. ಗೋಡೆ ಇದ್ದ ಮಾತ್ರಕ್ಕೆ ಚಿಕಿತ್ಸೆ ಆಗದು ಎಂದಲ್ಲ. ಮೂಳೆ ಪುಡಿ ತುಂಬಲು ಕೆನ್ನೆಯ ಕಡೆಯ ಮೂಳೆಯಲ್ಲಿ ಕಿಟಕಿ ಎಲ್ಲಿ ತೆರೆಯಬೇಕು, ಒಂದೋ ಎರಡೋ ಎಂಬುದು ಮೊದಲೇ ತೀರ್ಮಾನವಾಗಬೇಕು.

ಒಳಪೊರೆ ಹೇಗಿದೆ? ಸೈನಸ್ಸಿನ ಒಳಗನ್ನು ಹೊದ್ದಿರುವ ಪೊರೆ ಸಾಮಾನ್ಯವಾಗಿ ಒಂದು ಮಿಲಿಮೀಟರಿಗೂ ತೆಳು, ಕೋಳಿಮೊಟ್ಟೆಯ ಚಿಪ್ಪಿನ ಕೆಳಗಿನ ಪೊರೆಯಂಥದು. ಹೊಸ ವೈದ್ಯರು ಇದನ್ನು ಹರಿಯದಂತೆ ಎತ್ತುವ ಅಭ್ಯಾಸವನ್ನು ಹಸಿ ಮೊಟ್ಟೆಯ ಮೇಲೇ ಮಾಡುತ್ತಾರೆ. ಪೊರೆ ದಪ್ಪವಾಗಿದ್ದರೆ ಕಾರಣ ಹುಡುಕಬೇಕು. ಪಕ್ಕದ ಹಲ್ಲಿನ ಬೇರಿನ ಕೀವು ಕಾರಣವಾದರೆ ಮೊದಲು ಆ ಹಲ್ಲಿಗೆ ಚಿಕಿತ್ಸೆ. ತಳದಲ್ಲಿ ದುಂಡನೆಯ ಉಬ್ಬು ಕಂಡರೆ ಅದು ಹೆಚ್ಚಾಗಿ ನಿರುಪದ್ರವಿ ಗುಳ್ಳೆ. ಆದರೆ ಅದನ್ನು ನಿರ್ಧರಿಸುವುದು ವೈದ್ಯರ ಕೆಲಸ.

ದ್ವಾರ ತೆರೆದಿದೆಯೇ? ಸೈನಸ್ಸಿನ ನೀರು ಮೂಗಿಗೆ ಇಳಿಯುವ ಸಣ್ಣ ಕಿಂಡಿ ಮುಚ್ಚಿದ್ದರೆ ಒಳಗೆ ಮೂಳೆ ತುಂಬಿಸುವುದು ಸೋಂಕನ್ನು ಕರೆದು ಕೂರಿಸಿದಂತೆ. ಸಂಶಯವಿದ್ದರೆ ಮೊದಲು ಕಿವಿ ಮೂಗು ಗಂಟಲು ತಜ್ಞರು ನೋಡಲಿ. “ಅದೆಲ್ಲ ಏನೂ ಬೇಡ, ಆಂಟಿಬಯಾಟಿಕ್ ಕೊಡುತ್ತೇವೆ” ಎಂಬ ಮಾತಿಗೆ ನಾನಾದರೆ ಒಪ್ಪುವುದಿಲ್ಲ.

ಪಕ್ಕದ ಗೋಡೆಯಲ್ಲಿ ರಕ್ತನಾಳ ಎಲ್ಲಿದೆ? ಕೆನ್ನೆಯ ಕಡೆಯ ಮೂಳೆಗೋಡೆಯಲ್ಲಿ ಎರಡು ಅಪಧಮನಿಗಳು ಕೂಡುವ ಒಂದು ಎಳೆ ಇರುತ್ತದೆ. ಅದು ಎಲ್ಲರಲ್ಲೂ ಇದ್ದರೂ ಸ್ಕ್ಯಾನಿನಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ ಕಾಣುತ್ತದೆ. ಕಿಟಕಿ ಕೊರೆಯುವ ಜಾಗದಲ್ಲೇ ದಪ್ಪನಾಗಿ ಹಾದಿದ್ದರೆ ರಕ್ತ ಹೆಚ್ಚು ಸುರಿಯಬಹುದು. ಗೊತ್ತಿದ್ದರೆ ಕಿಟಕಿಯ ಜಾಗ ಬದಲಿಸುತ್ತಾರೆ.

ಹಂತ 5: ಮುಂದಿನ ಹಲ್ಲಾದರೆ

ಮುಂದೆ ಸೈನಸ್ಸಿನ ಕಾಟವಿಲ್ಲ, ಆದರೆ ತುಟಿಯ ಕಡೆಯ ಮೂಳೆ ಬಹುಪಾಲು ಜನರಲ್ಲಿ ಒಂದು ಮಿಲಿಮೀಟರಿಗೂ ತೆಳು. ಹಲ್ಲು ಕಿತ್ತ ದಿನವೇ ಇಂಪ್ಲಾಂಟ್ ಕೂರಿಸುವ ಆಸೆ ತೋರಿಸುವ ಜಾಹೀರಾತುಗಳು ಈ ವಿಷಯ ಹೇಳುವುದಿಲ್ಲ. ಆ ಮೂಳೆ ಕರಗಿದರೆ ಕೆಲ ಕಾಲದ ನಂತರ ವಸಡು ಮೇಲಕ್ಕೆ ಸರಿದು, ಕ್ಯಾಪ್ ಉದ್ದವಾಗಿ ಕಾಣಿಸಿ, ನಕ್ಕಾಗ ಲೋಹದ ನೆರಳು ಇಣುಕುತ್ತದೆ. ಪಕ್ಕದ ಬಾಚಿಹಲ್ಲಿನ ಮೇಲ್ಭಾಗದಲ್ಲಿ ಮೂಳೆ ಒಳಕ್ಕೆ ತಗ್ಗಿರುವವರೂ ಇದ್ದಾರೆ. ಅಲ್ಲಿ ನೇರ ಕೊರೆದರೆ ಡ್ರಿಲ್ ತುಟಿಯ ಕಡೆಗೆ ಹೊರಬರುತ್ತದೆ.

ನಡುವಿನ ಎರಡು ಹಲ್ಲುಗಳ ಹಿಂದೆ, ಅಂಗುಳಿನಲ್ಲಿ, ನರ ಇಳಿಯುವ ಒಂದು ಕಾಲುವೆ ಇದೆ. ಇದರ ಅಗಲ, ಆಕಾರ, ಕವಲುಗಳ ಸಂಖ್ಯೆ ಜನರಿಂದ ಜನರಿಗೆ ತುಂಬ ಬದಲಾಗುತ್ತವೆ. ಸ್ಕ್ರೂ ಇದರೊಳಗೆ ಹೊಕ್ಕರೆ ಮೂಳೆ ಹಿಡಿದುಕೊಳ್ಳುವುದಿಲ್ಲ, ಅಂಗುಳಿನ ಮುಂಭಾಗ ಜೋಮು ಹಿಡಿಯಲೂಬಹುದು. 11 ಅಥವಾ 21ಕ್ಕೆ ಇಂಪ್ಲಾಂಟ್ ಎಂದಾದರೆ ಈ ಕಾಲುವೆಯ ಅಳತೆ ವರದಿಯಲ್ಲಿ ಇರಲೇಬೇಕು.

ಕಡಿಮೆ ಜನಕ್ಕೆ ಗೊತ್ತಿರುವ ಇನ್ನೊಂದು ಕಾಲುವೆ ಮೂಗಿನ ಪಕ್ಕದಿಂದ ವಕ್ರವಾಗಿ ಇಳಿಯುತ್ತದೆ, ಹೆಸರು ಕೆನಾಲಿಸ್ ಸೈನುಓಸಸ್. 1939ರಲ್ಲಿ ವುಡ್ ಜೋನ್ಸ್ ಇದನ್ನು ವಿವರಿಸಿದರು. ಇದರ ಸಣ್ಣ ಕವಲುಗಳು ಪಕ್ಕದ ಬಾಚಿಹಲ್ಲು, ಕೋರೆಹಲ್ಲುಗಳ ಹಿಂದೆ ಅಂಗುಳಿಗೆ ತೆರೆದುಕೊಳ್ಳಬಹುದು. ಸಾಮಾನ್ಯ ಎಕ್ಸ್‌ರೇಯಲ್ಲಿ ಬೇರಿನ ತುದಿಯ ಹುಣ್ಣಿನ ಹಾಗೆ ಕಂಡು ದಾರಿ ತಪ್ಪಿಸುವುದೂ ಉಂಟು. ಇಂಪ್ಲಾಂಟ್ ಹಾಕಿದ ಮೇಲೆ ಕಾರಣ ತಿಳಿಯದ ನೋವು ಉಳಿದರೆ, ಈ ಕಾಲುವೆಯನ್ನು ನೋಡಿದ್ದೀರಾ ಎಂದು ಕೇಳಿ.

ಮೂಳೆಯೊಳಗೆ ಹೂತ ಕೋರೆಹಲ್ಲು, ಮುಂದಿನ ಹಲ್ಲುಗಳ ನಡುವೆ ಅಡಗಿದ ಹೆಚ್ಚುವರಿ ಹಲ್ಲು, ಹಿಂದೆ ಮುರಿದುಳಿದ ಬೇರಿನ ತುಂಡು, ಇವೂ ಸ್ಕ್ಯಾನಿನಲ್ಲೇ ಬಯಲಾಗುತ್ತವೆ.

ಹಂತ 6: ಉಳಿದ ಮೂಳೆಗೆ ತಕ್ಕ ದಾರಿ

ಹತ್ತು ಮಿಲಿಮೀಟರ್ ಮತ್ತು ಮೇಲ್ಪಟ್ಟು ಎತ್ತರ, ಸಾಕಷ್ಟು ದಪ್ಪ ಇದ್ದರೆ ನೇರವಾಗಿ ಇಂಪ್ಲಾಂಟ್. ಇಂಥಲ್ಲಿ ಸೈನಸ್ ಲಿಫ್ಟ್ (ಸೈನಸ್ಸಿನ ತಳವನ್ನು ಮೇಲೆತ್ತುವುದು) ಬೇಕು ಎಂದರೆ ಏಕೆಂದು ಕೇಳುವ ಹಕ್ಕು ನಿಮಗಿದೆ.

ಐದರಿಂದ ಒಂಬತ್ತರ ನಡುವೆ ಇದ್ದರೆ ಎರಡು ದಾರಿ: ಗಿಡ್ಡ ಇಂಪ್ಲಾಂಟ್, ಇಲ್ಲವೇ ಅದೇ ರಂಧ್ರದ ಮೂಲಕ ಸೈನಸ್ಸಿನ ತಳವನ್ನು ನಾಜೂಕಾಗಿ ಎರಡು ಮೂರು ಮಿಲಿಮೀಟರ್ ಮೇಲೆತ್ತುವುದು. ಎರಡನೆಯದನ್ನು ಒಳಗಿನ ಲಿಫ್ಟ್ ಎನ್ನುತ್ತಾರೆ. ಸಮ್ಮರ್ಸ್ 1994ರಲ್ಲಿ ಪ್ರಚುರಪಡಿಸಿದ ವಿಧಾನ. ಗಿಡ್ಡ ಇಂಪ್ಲಾಂಟ್ ಸಾಕಾಗುವ ಕಡೆ ಅದನ್ನೇ ಆರಿಸುವುದು ನನಗೆ ಸರಿ ಕಾಣುತ್ತದೆ. ವಯಸ್ಸಾದವರಿಗೆ ಶಸ್ತ್ರಚಿಕಿತ್ಸೆ ಕಡಿಮೆಯಾದಷ್ಟೂ ಒಳ್ಳೆಯದು.

ಐದಕ್ಕಿಂತ ಕಡಿಮೆ ಇದ್ದರೆ ಹೆಚ್ಚಾಗಿ ಹೊರಗಿನ ಲಿಫ್ಟ್. ಕೆನ್ನೆಯ ಕಡೆ ಮೂಳೆಯಲ್ಲಿ ಕಿಟಕಿ ತೆರೆದು, ಪೊರೆಯನ್ನು ಹರಿಯದಂತೆ ಎತ್ತಿ, ಕೆಳಗಿನ ಜಾಗಕ್ಕೆ ಮೂಳೆ ಪುಡಿ ತುಂಬುತ್ತಾರೆ. ಬಾಯ್ನ್ ಮತ್ತು ಜೇಮ್ಸ್ 1980ರಲ್ಲಿ ಪ್ರಕಟಿಸಿದ ಈ ವಿಧಾನ ಹಳೆಯದು, ಪರೀಕ್ಷಿತ. ಆದರೆ ಕಾಯಬೇಕು: ಮೂಳೆ ಬಲಿಯಲು ಆರೆಂಟು ತಿಂಗಳು, ಮತ್ತೆ ಇಂಪ್ಲಾಂಟ್ ಬೆಸೆಯಲು ನಾಲ್ಕಾರು ತಿಂಗಳು. ನಾಲ್ಕೈದು ಮಿಲಿಮೀಟರ್ ಮೂಳೆಯಲ್ಲಿ ಸ್ಕ್ರೂ ಅಲುಗದೆ ನಿಂತರೆ ಎರಡೂ ಕೆಲಸ ಒಟ್ಟಿಗೆ ಆಗಬಹುದು. ತುಂಬುವ ಪುಡಿ ದನದ ಮೂಳೆಯಿಂದ ಸಂಸ್ಕರಿಸಿದ್ದೂ ಇರುತ್ತದೆ, ಕೃತಕವಾದದ್ದೂ ಇರುತ್ತದೆ. ಆಹಾರ ನಿಯಮ, ನಂಬಿಕೆಯ ಕಾರಣಕ್ಕೆ ಬೇಡವೆನ್ನುವವರು ಮೊದಲೇ ಹೇಳಬೇಕು. ತುಂಬಿದ ಮೇಲೆ ತೆಗೆಯಲಾಗದು.

ಇಂಪ್ಲಾಂಟೇ ಬೇಡ ಎಂಬುದೂ ಒಂದು ದಾರಿ. ಅಕ್ಕಪಕ್ಕದ ಹಲ್ಲುಗಳಿಗೆ ಹೇಗೂ ಕ್ಯಾಪ್ ಬೇಕಿದ್ದರೆ ಅವುಗಳಿಗೇ ಆತು ನಿಲ್ಲುವ ಬ್ರಿಡ್ಜ್ ಕಟ್ಟಿಸಬಹುದು. ತೆಗೆದು ಹಾಕುವ ಹಲ್ಲು ಸೆಟ್ಟಿನಲ್ಲಿ ಸುಖವಾಗಿ ಮುದ್ದೆ ಉಣ್ಣುವ ಹಿರಿಯರು ನಮ್ಮಲ್ಲಿ ಬೇಕಾದಷ್ಟು ಮಂದಿ.

ಹಂತ 7: ಒಪ್ಪಿಗೆ ಕೊಡುವ ಮೊದಲು

ಅಂದಾಜು ಪಟ್ಟಿಯಲ್ಲಿ ಇಂಪ್ಲಾಂಟ್, ಅಬಟ್‌ಮೆಂಟ್, ಕ್ಯಾಪ್, ಮೂಳೆ ಪುಡಿ, ಅದರ ಮೇಲೆ ಹೊದಿಸುವ ಪೊರೆ ಬೇರೆ ಬೇರೆ ಸಾಲುಗಳಲ್ಲಿ ಇರಲಿ. “ಇಂಪ್ಲಾಂಟ್ ದರ” ಎಂದು ಹೇಳಿ ಕ್ಯಾಪಿನ ಹಣವನ್ನು ಕೊನೆಗೆ ಸೇರಿಸುವುದರಿಂದಲೇ ಹೆಚ್ಚಿನ ಜಗಳ ಹುಟ್ಟುತ್ತದೆ. ಹಾಕಿದ ಇಂಪ್ಲಾಂಟಿನ ಕಂಪನಿ, ಅಳತೆ, ಬ್ಯಾಚ್ ಸಂಖ್ಯೆ ಇರುವ ಚೀಟಿಯನ್ನು ಕೇಳಿ ಪಡೆಯಿರಿ. ಮುಂದೆ ಸ್ಕ್ರೂ ಸಡಿಲವಾದಾಗ ಬೇರೆ ಊರಿನ ವೈದ್ಯರಿಗೆ ಸರಿಯಾದ ಉಪಕರಣ ಹುಡುಕಲು ಅದು ಬೇಕು.

ಸಂಶಯ ಉಳಿದರೆ ಕಡತ ಹಿಡಿದು ಎರಡನೇ ಅಭಿಪ್ರಾಯ ಪಡೆಯಿರಿ. ತುಮಕೂರಿನವರಿಗೆ ಅಗಳಕೋಟೆಯ ದಂತ ವೈದ್ಯಕೀಯ ಕಾಲೇಜು ಹತ್ತಿರ, ಕೋಲಾರದವರಿಗೆ ಕೆ.ಜಿ.ಎಫ್.ನದು, ಚಿಕ್ಕಬಳ್ಳಾಪುರದವರು ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿಗೂ ಹೋಗಬಹುದು. “ಇವತ್ತೇ ಮುಂಗಡ ಕಟ್ಟಿದರೆ ರಿಯಾಯಿತಿ” ಎಂಬ ಮಾತು ಬಂದರೆ ಎದ್ದು ಬನ್ನಿ. ಇಂಪ್ಲಾಂಟ್ ತುರ್ತು ಚಿಕಿತ್ಸೆಯಲ್ಲ.

ಹಂತ 8: ಸೈನಸ್ ಲಿಫ್ಟ್ ಆದ ಮೇಲೆ

ನೆಗಡಿ ಇರುವಾಗ ಆಪರೇಷನ್ ಬೇಡ, ದಿನಾಂಕ ಮುಂದಕ್ಕೆ ಹಾಕಿಸಿ. ಆದ ಮೇಲೆ ಕನಿಷ್ಠ ಎರಡು ವಾರ ಮೂಗು ಸೀಟಬಾರದು, ಅಂದರೆ ಸಿಂಬಳವನ್ನು ಒತ್ತಿ ಹೊರಹಾಕಬಾರದು. ಸೀನು ಬಂದರೆ ಬಾಯಿ ತೆರೆದು ಸೀನಿ. ಮೂಗು ಮುಚ್ಚಿ ತಡೆದರೆ ಒತ್ತಡವೆಲ್ಲ ಆಗಷ್ಟೇ ಎತ್ತಿದ ಪೊರೆಯ ಮೇಲೆ ಬೀಳುತ್ತದೆ. ಸ್ಟ್ರಾ ಹಾಕಿ ಎಳನೀರು ಕುಡಿಯುವುದು, ಬೀಡಿ ಎಳೆಯುವುದು, ಪೀಪಿ ಊದುವುದು, ಭಾರ ಎತ್ತುವುದು, ಬಾವಿ ಕೆರೆಯಲ್ಲಿ ಮುಳುಗು ಹಾಕುವುದು ಬೇಡ. ವಿಮಾನ ಪ್ರಯಾಣ ಇದ್ದರೆ ಮೊದಲೇ ಹೇಳಿ.

ಮೊದಲ ದಿನ ಎರಡು ದಿನ ಮೂಗಿನಿಂದ ತುಸು ರಕ್ತ ಬರುವುದು, ಕೆನ್ನೆ ಊದುವುದು ಸಾಮಾನ್ಯ. ನಿಲ್ಲದ ರಕ್ತ, ಜ್ವರ, ಮೂಗಿನಿಂದ ಕೆಟ್ಟ ವಾಸನೆಯ ಕೀವು, ಮೂಗಿನಿಂದ ಮರಳಿನಂಥ ಕಣಗಳು ಉದುರುವುದು, ಅಥವಾ ನೀರು ಕುಡಿದಾಗ ಮೂಗಿಗೆ ಬರುವುದು, ಇವುಗಳಲ್ಲಿ ಯಾವುದೇ ಒಂದು ಕಂಡರೂ ಮುಂದಿನ ಭೇಟಿಯ ದಿನಕ್ಕೆ ಕಾಯದೆ ಅದೇ ದಿನ ವೈದ್ಯರಿಗೆ ಫೋನ್ ಮಾಡಿ.